ಹುಳ ಡಬ್ಬಿಗೆ ನುಗ್ಗಲಿಲ್ಲ, ನೀವೇ ಸುರಿದಿರಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಮಾತು ಬೇರೆ ಬೇರೆ, ಗೋಳು ಅದೇ. ಹಾಗಾಗಿ ಈ ಸಲ ಜಾಗವೆಲ್ಲ ಹೆಚ್ಚುಕಮ್ಮಿ ಅದಕ್ಕೇ. ಡಬ್ಬಿ ತೊಳೆದು ಒಣಗಿಸಿ ತುಂಬಿ, ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ ಅಂತೆಲ್ಲ ಮತ್ತೆ ಹೇಳಿಸಬೇಡಿ.

ಪ್ರಶ್ನೆ: ಗಾಳಿಯಾಡದ ಒಳ್ಳೆ ಡಬ್ಬಿ ತಂದೆ. ಹೊಸ ಗೋಧಿಹಿಟ್ಟಿನ ಪ್ಯಾಕೆಟ್ ಒಡೆದು ನೇರ ಅದಕ್ಕೇ ತುಂಬಿದೆ. ಒಂದೂವರೆ ತಿಂಗಳ ಮೇಲೆ ನೋಡಿದರೆ ಸಣ್ಣ ಕೆಂಪು ಹುಳಗಳು. ಹಿಟ್ಟಿನಲ್ಲೇ ಹುಟ್ಟುತ್ತವಾ?

ಹುಟ್ಟುವುದಿಲ್ಲ. ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ಮಾಂಸದ ಜಾಡಿಗಳ ಬಾಯಿಗೆ ತೆಳು ಬಟ್ಟೆ ಕಟ್ಟಿ, ನೊಣ ಕೂರದಿದ್ದರೆ ಹುಳ ಆಗುವುದಿಲ್ಲ ಅಂತ ತೋರಿಸಿದ. ಮಾಂಸದ ಕಥೆಯೇ ಹಿಟ್ಟಿನದೂ. ಮೊಟ್ಟೆ ಪ್ಯಾಕೆಟ್ಟಿನಲ್ಲೇ ಇತ್ತು. ನೀವು ಅದನ್ನು ಜೋಪಾನವಾಗಿ ಒಳ್ಳೆ ಡಬ್ಬಿಗೆ ಸುರಿದು ಮುಚ್ಚಳ ಹಾಕಿದಿರಿ.

ನಿಮ್ಮ ಕಣ್ಣಿನ ತಪ್ಪೇನೂ ಇಲ್ಲ. ಹಿಟ್ಟಿನ ಕೆಂಪು ಹುಳವೇ ಉದ್ದಕ್ಕೆ ಮೂರು-ನಾಲ್ಕು ಮಿಲಿಮೀಟರ್. ಅದರ ಮೊಟ್ಟೆ ಅಂಟಂಟು. ಇಟ್ಟ ಕೂಡಲೇ ಸುತ್ತಲ ಹಿಟ್ಟು ಮೆತ್ತಿಕೊಂಡು ಅದೂ ಹಿಟ್ಟಿನ ಕಣದ ಹಾಗೇ ಆಗಿಬಿಡುತ್ತದೆ. ಜರಡಿ ಹಿಡಿದಿದ್ದೆ ಅನ್ನುತ್ತೀರಾ? ಮನೆಯ ಜರಡಿಯಲ್ಲಿ ದೊಡ್ಡ ಹುಳ ಮೇಲೆ ಉಳಿಯುತ್ತದೆ, ಮೊಟ್ಟೆ ಹಿಟ್ಟಿನ ಜೊತೆ ಕೆಳಗಿಳಿಯುತ್ತದೆ. 30 ಡಿಗ್ರಿ ಆಸುಪಾಸಿನ ಸೆಖೆಯಲ್ಲಿ ಮೊಟ್ಟೆ ಹುಳವಾಗಲು ನಾಲ್ಕೈದು ವಾರ ಸಾಕು. ನಿಮ್ಮ ಒಂದೂವರೆ ತಿಂಗಳಿಗೆ ಲೆಕ್ಕ ಸರಿ ಹೋಯಿತು, ಅಲ್ವಾ?

ಅಕ್ಕಿಯ ಮೂತಿಹುಳ ಇನ್ನೂ ಜಾಣ. ಹೆಣ್ಣು ತನ್ನ ಮೂತಿಯಿಂದ ಕಾಳಿಗೆ ತೂತು ಕೊರೆದು, ಒಳಗೆ ಒಂದು ಮೊಟ್ಟೆ ಇಟ್ಟು, ಬಾಯಿಗೆ ಅಂಟು ಮೆತ್ತಿ ಹೋಗುತ್ತದೆ. ಮರಿ ಒಳಗೇ ಉಂಡು, ಒಳಗೇ ಬೆಳೆದು, ರೆಕ್ಕೆ ಬಲಿತ ಮೇಲೆಯೇ ಗೋಡೆ ಒಡೆದು ಹೊರಬರುವುದು. ನಂಬಿಕೆ ಬಾರದಿದ್ದರೆ ಅನುಮಾನವಿರುವ ಕಾಳು ಒಂದು ಹಿಡಿ ನೀರಿಗೆ ಹಾಕಿ. ತೇಲಿದ್ದನ್ನು ಎತ್ತಿ ಉಗುರಿನಿಂದ ಸೀಳಿ. ಕೆಲವು ಬರೀ ಟೊಳ್ಳು. ಕೆಲವದರಲ್ಲಿ ಕಾಲಿಲ್ಲದ ಬಿಳಿ ಗುಂಡು ಮರಿಯೊಂದು ಮುದುರಿಕೊಂಡು ಮಲಗಿರುತ್ತದೆ. ಒಮ್ಮೆ ನೋಡಿದವರು ನನಗೆ ಇನ್ನೊಂದು ಪತ್ರ ಬರೆದದ್ದಿಲ್ಲ.

ಹಾಗಾದರೆ ಡಬ್ಬಿ ಯಾಕೆ? ಒಂದು ಡಬ್ಬಿಯ ಹುಳ ಇನ್ನೊಂದಕ್ಕೆ ದಾಟದಿರಲಿ ಅಂತ. ಡಬ್ಬಿ ಬೇಲಿ, ಔಷಧಿಯಲ್ಲ. ದಿನಾ ತೆಗೆದು ಮುಚ್ಚುವ ಡಬ್ಬಿಯಲ್ಲಿ ಹುಳ ಉಸಿರುಕಟ್ಟಿ ಸಾಯುತ್ತದೆ ಅನ್ನುವುದು ಭ್ರಮೆ. ತೆಳು ಪ್ಲಾಸ್ಟಿಕ್ ಕವರ್ ಬೇಲಿಯೂ ಅಲ್ಲ. ಪತಂಗದ ಮರಿ ಅದನ್ನು ಕಡಿದು ತೂತು ಮಾಡುತ್ತದೆ.

ಕೊಲ್ಲುವುದು ಚಳಿ. ಮನೆಗೆ ಬಂದ ಹಿಟ್ಟು, ರವೆ, ಕಾಳು ಮೊದಲು ಫ್ರೀಜರ್‌ಗೆ ಹೋಗಲಿ, ಆಮೇಲೆ ಡಬ್ಬಿಗೆ. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇದ್ದರೆ ಮೊಟ್ಟೆ ಸಮೇತ ಸಾಯುತ್ತವೆ. ನಾನು ಒಂದು ವಾರ ಇಡುತ್ತೇನೆ. ಮನೆಯ ಫ್ರೀಜರ್ ದಿನಕ್ಕೆ ಹತ್ತು ಸಲ ಬಾಗಿಲು ತೆಗೆಸಿಕೊಳ್ಳುತ್ತದೆ, ಅದರ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಹಿಟ್ಟು ಚಳಿಯನ್ನು ಬೇಗ ಒಳಗೆ ಬಿಡುವುದಿಲ್ಲ, ಐದು ಕೆಜಿ ಚೀಲವನ್ನು ಹಾಗೇ ತುರುಕಿದರೆ ನಡುವಿನ ಹಿಟ್ಟು ತುಂಬಾ ಹೊತ್ತು ಬೆಚ್ಚಗೇ ಇರುತ್ತದೆ. ಒಂದೊಂದು ಕೆಜಿ ಮಾಡಿ, ಚಪ್ಪಟೆಯಾಗಿ ಇಡಿ.

ಜನ ಕೆಡಿಸಿಕೊಳ್ಳುವುದು ಆಮೇಲೆ. ಹೊರತೆಗೆದ ತಕ್ಷಣ ಬಾಯಿ ಬಿಚ್ಚುತ್ತಾರೆ. ತಣ್ಣಗಿನ ಹಿಟ್ಟಿನ ಮೇಲೆ ಗಾಳಿಯ ತೇವ ಕೂತು ಗಂಟಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆಮೇಲೆ ನನಗೆ ಬೈದು ಪತ್ರ. ಕಟ್ಟು ಬಿಚ್ಚದೆ ಒಂದು ರಾತ್ರಿ ಹೊರಗೆ ಬಿಡಿ, ಪೂರ್ತಿ ಚಳಿ ಬಿಟ್ಟ ಮೇಲೆ ತೆಗೆಯಿರಿ.

ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟರೆ ಸಾಲದಾ? ಅಲ್ಲಿ ಬೆಳೆಯುವುದು ನಿಲ್ಲುತ್ತದೆ. ನಾಲ್ಕು ದಿನದಲ್ಲಿ ಸಾಯುತ್ತವೆ ಅಂದುಕೊಳ್ಳಬೇಡಿ. ಬಿಸಿಲು? ಕಾಳು ಒಣಗುತ್ತದೆ, ಅದು ಒಳ್ಳೆಯದೇ. ದೊಡ್ಡ ಹುಳಗಳು ಎದ್ದು ನೆರಳಿಗೆ ನಡೆಯುತ್ತವೆ, ಅದನ್ನು ನೋಡಿ ನಿಮಗೆ ಖುಷಿ. ಕಾಳಿನೊಳಗಿನ ಮರಿ ಅಲ್ಲೇ ಇರುತ್ತದೆ.

ಪ್ರಶ್ನೆ: ಎಲ್ಲ ಬಿಸಾಡಿದೆ, ಕಪಾಟು ಒರೆಸಿದೆ. ಆದರೂ ಸಂಜೆ ಹೊತ್ತು ಸಣ್ಣ ಪತಂಗ ಹಾರುತ್ತಲೇ ಇದೆ.

ಎಲ್ಲ ಬಿಸಾಡಿಲ್ಲ. ಈ ಪತಂಗದ ಮರಿ ತಿಂದ ಜಾಗದಲ್ಲೇ ಕೋಶ ಕಟ್ಟಬೇಕೆಂದಿಲ್ಲ, ಗೋಡೆ ಹತ್ತಿ ದೂರ ಹೋಗುತ್ತದೆ. ಸೂರಿನ ಮೂಲೆ, ಹಲಗೆಯ ಸಂದು, ತಿರುಪು ಮುಚ್ಚಳದ ಸುತ್ತುಗಳು, ಎಲ್ಲ ಕಡೆ ಬೆರಳಾಡಿಸಿ. ನೂಲಿನಂಥ ಬಲೆ ಸಿಗುತ್ತದೆ. ಇದರಲ್ಲಿ ನಾನೇ ಮೂರ್ಖನಾಗಿದ್ದೇನೆ. ಒಂದು ತಿಂಗಳಿಗೂ ಜಾಸ್ತಿ ಅಡುಗೆಮನೆ ಜಾಲಾಡಿದೆ. ಕೊನೆಗೆ ಸಿಕ್ಕಿದ್ದು ಮಲಗುವ ಕೋಣೆಯಲ್ಲಿ: ಕುತ್ತಿಗೆ ನೋವಿಗೆ ಬಿಸಿ ಮಾಡಿ ಇಟ್ಟುಕೊಳ್ಳುವ, ಗೋಧಿ ತುಂಬಿದ ದಿಂಬು. ಹೊಲಿಗೆ ಬಿಚ್ಚಿದರೆ ಗೋಧಿ ಬಲೆಬಲೆಯಾಗಿ ಹೆಣೆದುಕೊಂಡಿತ್ತು. ಹಕ್ಕಿಗೆ ಹಾಕುವ ಕಾಳು, ನಾಯಿಯ ಒಣ ಆಹಾರ, ಮರೆತುಹೋದ ಬಾದಾಮಿ ಪೊಟ್ಟಣ, ಇವನ್ನೂ ನೋಡಿ. ಅಂಟಿನ ಬಲೆ ಇಟ್ಟೆ ಅನ್ನಬೇಡಿ. ಅದಕ್ಕೆ ಹಚ್ಚಿದ ಹೆಣ್ಣು ಪತಂಗದ ವಾಸನೆಗೆ ಬರುವುದು ಗಂಡು ಮಾತ್ರ. ಎಷ್ಟಿವೆ ಅಂತ ತಿಳಿಯಲು ಸರಿ, ಅಷ್ಟೇ.

ಪ್ರಶ್ನೆ: ಲವಂಗ, ಒಣ ಎಲೆ ಹಾಕಿಟ್ಟರೆ?

ಅಡುಗೆಗೆ ಘಮ ಬರುತ್ತದೆ.

ಪ್ರಶ್ನೆ: ಹುಳ ಬಿದ್ದ ಹಿಟ್ಟು ತಿಂದರೆ ಏನಾಗುತ್ತದೆ?

ಒಂದೆರಡು ಹುಳ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಿಟ್ಟು ಸ್ವಲ್ಪ ಕೆಂಪಾಗಿ ಕಟು ವಾಸನೆ ಬಂದಿದ್ದರೆ ಹುಳಗಳು ಬಿಟ್ಟ ರಾಸಾಯನಿಕ ಸೇರಿದೆ ಎಂದರ್ಥ, ಚೆಲ್ಲಿ. ಮನೆಯಲ್ಲಿ ಅಲರ್ಜಿ, ಉಬ್ಬಸ ಇರುವವರಿದ್ದರೆ ನುಸಿ (ಈ ಹುಳವಲ್ಲ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಬೇರೆ ಜೀವಿ) ಹಿಡಿದ ಹಿಟ್ಟನ್ನು ಉಳಿಸಿಕೊಳ್ಳುವ ಯೋಚನೆಯೇ ಬೇಡ. ನುಸಿಯಿಂದ ಜೀವಕ್ಕೆ ಕುತ್ತು ತರುವಂಥ ಅಲರ್ಜಿ ಆದದ್ದುಂಟು. ಬೇಯಿಸಿದರೂ ಆಗುತ್ತದೆ.

ಪ್ರಶ್ನೆ: ಅಕ್ಕಿ ಡಬ್ಬಿಗೆ ಬೋರಿಕ್ ಪುಡಿ ಬೆರೆಸಬಹುದಾ? ಇನ್ನೊಬ್ಬರು ಗೋದಾಮಿನಲ್ಲಿ ಇಡುವ ಗುಳಿಗೆ ಕೊಟ್ಟಿದ್ದಾರೆ, ಬಟ್ಟೆಯಲ್ಲಿ ಕಟ್ಟಿ ಇಡಲಾ?

ಬೋರಿಕ್ ಪುಡಿ ವಿಷ, ಊಟಕ್ಕೆ ಬೆರೆಸುವ ವಸ್ತುವಲ್ಲ. ಆ ಗುಳಿಗೆ ಕೊಟ್ಟವರನ್ನು ಮನೆಗೆ ಸೇರಿಸಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್ ಆಗಿರುತ್ತದೆ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಬಟ್ಟೆ ಅದನ್ನು ತಡೆಯುವುದಿಲ್ಲ. ಮನೆಗಳಲ್ಲಿ ಇಟ್ಟು, ಮಲಗಿದವರು ಸತ್ತಿದ್ದಾರೆ. ಇದಕ್ಕೆ ಪ್ರತಿವಿಷ ಇಲ್ಲ. ಗೋದಾಮಿನಲ್ಲಿ ತರಬೇತಿ ಆದವರು, ಎಲ್ಲ ಮುಚ್ಚಿ, ಜನರನ್ನು ಹೊರಗಿಟ್ಟು ಬಳಸುವ ವಸ್ತು ಅದು. ಈಗಾಗಲೇ ಇಟ್ಟಿದ್ದರೆ ಡಬ್ಬಿ ಮುಟ್ಟಬೇಡಿ, ನೀರು ಹಾಕಲೇಬೇಡಿ. ಎಲ್ಲರೂ ಹೊರಗೆ ಬಂದು ತುರ್ತು ಸೇವೆಗೆ ಕರೆ ಮಾಡಿ.

ಪ್ರಶ್ನೆ: ಹುಳ ಬಿದ್ದ ಅಕ್ಕಿಯನ್ನು ಕೋಳಿಗೆ ಹಾಕಬಹುದಾ?

ಹಾಕಿ. ಗುಳಿಗೆ ಇಟ್ಟ ಡಬ್ಬಿಯದಾದರೆ ಬೇಡ.