ಒಂದೇ ರಕ್ತಪರೀಕ್ಷೆ, ಎರಡು ಅಂಕಿ

ಪ್ರಶ್ನೆ: ಮೇಡಂ, ಅಮೆರಿಕದಲ್ಲಿ ಕಪ್ಪು ಜನ ಬಿಳಿಯರಿಗಿಂತ ಬೇಗ ಸಾಯುತ್ತಾರೆ ಅಂತ ಓದಿದೆ. ಇದು ಹುಟ್ಟಿನಿಂದ ಬಂದದ್ದಾ, ಬಡತನದಿಂದ ಬಂದದ್ದಾ? ನೀವು ಅಲ್ಲಿ ನರ್ಸ್ ಆಗಿದ್ದವರು, ಹೇಳಿ.

ಉತ್ತರ: ಬಡತನದ ಪಾಲು ತುಂಬಾ ದೊಡ್ಡದು. ಆದರೆ ಅದೊಂದೇ ಅಲ್ಲ.

2019ರಲ್ಲಿ, ಕೋವಿಡ್ ಬರುವ ಮುಂಚೆಯೇ, ಇಬ್ಬರ ಸರಾಸರಿ ಆಯಸ್ಸಿನಲ್ಲಿ ಸುಮಾರು 4 ವರ್ಷದ ಅಂತರ ಇತ್ತು. 2021ಕ್ಕೆ 5 ವರ್ಷ ದಾಟಿತು.

ಬಡತನ ಅಂದರೆ ಬರೀ ಸಂಬಳ ಅಲ್ಲ. 2019ರಲ್ಲಿ ನಡುಮಟ್ಟದ ಬಿಳಿ ಕುಟುಂಬದ ಆಸ್ತಿ, ಸಾಲ ಕಳೆದು, 1,88,200 ಡಾಲರ್. ಕಪ್ಪು ಕುಟುಂಬದ್ದು 24,100. 1930ರ ದಶಕದ ಸರ್ಕಾರಿ ನಕ್ಷೆಗಳಲ್ಲಿ ಕಪ್ಪು ಜನರ ಬೀದಿಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಅಂಥ ಕಡೆ ಮನೆಸಾಲ ಸಿಗುವುದೇ ಕಷ್ಟ. ಸ್ವಂತ ಮನೆ ಆಗಲಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಏನೂ ಉಳಿಯಲಿಲ್ಲ.

ನಾನು ಇದ್ದ ಕಿಡ್ನಿ ವಿಭಾಗಕ್ಕೆ ಒಬ್ಬರು ಬರುತ್ತಿದ್ದರು. ಕಪ್ಪು ಜನಾಂಗದವರು, ಬಸ್ ಡ್ರೈವರ್ ಆಗಿದ್ದವರು. ಬಿ.ಪಿ. ಮಾತ್ರೆ ಮುಗಿದರೆ ಸಂಬಳದ ದಿನದ ತನಕ ಸುಮ್ನೆ ಇರುತ್ತಿದ್ದರಂತೆ. ಹೀಗೆ ಎಷ್ಟೋ ವರ್ಷ. ಕಿಡ್ನಿ ಹಾಳಾಗದೆ ಇನ್ನೇನು?

ಇಲ್ಲಿಯವರೆಗೆ ದುಡ್ಡಿನ ಕಥೆ. ಮುಂದಿನದು ಬೇರೆ. ಅವರ ರಕ್ತಪರೀಕ್ಷೆಯ ಹಾಳೆಯಲ್ಲಿ ಕಿಡ್ನಿಯ ಶಕ್ತಿಗೆ ಎರಡು ಸಾಲು ಇತ್ತು. ‘ಕಪ್ಪು ಜನಾಂಗದವರಲ್ಲದಿದ್ದರೆ 18, ಆಗಿದ್ದರೆ 21’. ರಕ್ತ ಒಂದೇ. ಆದರೆ ಕಪ್ಪು ಜನರಿಗೆ ಸೂತ್ರವೇ ಸುಮಾರು 16% ಜಾಸ್ತಿ ಸೇರಿಸುತ್ತಿತ್ತು. ಕಿಡ್ನಿ ಕಸಿಯ ಸರದಿಯಲ್ಲಿ ಕಾಯುವ ದಿನಗಳು ಲೆಕ್ಕಕ್ಕೆ ಬರಬೇಕಾದರೆ ಅಂಕಿ 20ಕ್ಕೆ ಇಳಿದಿರಬೇಕು. ‘ಇದರಲ್ಲಿ ನನ್ನದು ಯಾವುದಮ್ಮಾ?’ ಅಂತ ಬೆರಳಿಟ್ಟು ಕೇಳಿದರು. ನಾನು 21 ತೋರಿಸಿದೆ. ನಮಗೆ ಕಲಿಸಿದ್ದೇ ಹಾಗೆ. ಆ ಬೆರಳು ಇವತ್ತಿಗೂ ಕಣ್ಣ ಮುಂದಿದೆ.

ಓದು, ಒಳ್ಳೆ ಕೆಲಸ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತೀರಾ? 2007ರಿಂದ 2016ರವರೆಗಿನ ಬಸುರಿ-ಬಾಣಂತಿಯರ ಸಾವು ನೋಡಿ. ಪದವಿ ಓದಿದ ಕಪ್ಪು ಹೆಂಗಸರಲ್ಲಿ ಸಾವಿನ ಪ್ರಮಾಣ ಅಷ್ಟೇ ಓದಿದ ಬಿಳಿ ಹೆಂಗಸರಿಗಿಂತ 5 ಪಟ್ಟು. ಹೈಸ್ಕೂಲೂ ಮುಗಿಸದ ಬಿಳಿ ಹೆಂಗಸರಿಗಿಂತಲೂ ಜಾಸ್ತಿ! ನೋವು ಅಂದಾಗ ನಂಬದೆ ಇರುವುದು ಎಷ್ಟು ಸಾಮಾನ್ಯ ಅಂತ ನಾನೇ ಕಂಡಿದ್ದೇನೆ. ದುಡ್ಡಿದ್ದರೂ ಅದು ತಪ್ಪಲಿಲ್ಲ.

2021ರಲ್ಲಿ ಆ ಎರಡನೇ ಸಾಲು ಕೈಬಿಡಿ ಅಂತ ಅಲ್ಲಿನ ಕಿಡ್ನಿ ತಜ್ಞರೇ ಹೇಳಿದರು. ಕಳೆದುಹೋದ ಕಾಯುವ ದಿನಗಳನ್ನು ವಾಪಸ್ ಲೆಕ್ಕಕ್ಕೆ ಸೇರಿಸುವ ನಿಯಮ 2023ರಲ್ಲಿ ಬಂತು. ಅಷ್ಟರಲ್ಲಿ ಆ ಡ್ರೈವರ್ ಮೂರು ವರ್ಷ ಡಯಾಲಿಸಿಸ್ ಕುರ್ಚಿಯಲ್ಲಿ ಕಳೆದಿದ್ದರು.