ಒಬಾಮಾಕೇರ್ ಜಗಳ ಮುಗಿಯಲಿ ಅಂತ ಕಾಯಬೇಡಿ

ಟೆಕ್ಸಾಸ್‌ನಲ್ಲಿ ಕೆಲಸ ಬಿಟ್ಟು ಸ್ವಂತ ಕನ್ಸಲ್ಟಿಂಗ್‌ಗೆ ಇಳಿಯುವ, ನಾಲ್ಕು ಜನರ ಸಂಸಾರದ ನೀವು ಕೇಳಿದ್ದೀರಿ: "ಒಬಾಮಾಕೇರ್ (ಅಮೆರಿಕದ ಆರೋಗ್ಯ ವಿಮೆ ಕಾಯ್ದೆ) ಬಗ್ಗೆ ಡೆಮೊಕ್ರಾಟ್, ರಿಪಬ್ಲಿಕನ್ ಎರಡು ಪಕ್ಷಗಳೂ ಒಂದು ತೀರ್ಮಾನಕ್ಕೆ ಬರುವವರೆಗೆ ಅಗ್ಗದ ಶಾರ್ಟ್-ಟರ್ಮ್ ಪ್ಲಾನ್ (ತಾತ್ಕಾಲಿಕ ಇನ್ಶೂರೆನ್ಸ್) ಸಾಕಾ?" ಇಷ್ಟು ಓದಿದ್ದೇ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. 2019ರಲ್ಲಿ ಡಲ್ಲಾಸ್ ಹತ್ತಿರ ನಾನು ಮಾಡಿದ್ದೂ ಇದೇ.

ಆಗ ಆ ಕಾಯ್ದೆ ಮುಗಿದೇ ಹೋಯಿತು ಅಂತಲೇ ಎಲ್ಲರ ಮಾತು. 2018ರ ಡಿಸೆಂಬರಿನಲ್ಲಿ ಫೋರ್ಟ್ ವರ್ತ್‌ನ ಫೆಡರಲ್ ಜಡ್ಜ್ ರೀಡ್ ಓಕಾನರ್, ಇಡೀ ಕಾಯ್ದೆ ಊರ್ಜಿತವಲ್ಲ ಎಂದು ತೀರ್ಪು ಕೊಟ್ಟಿದ್ದರು. ಇನ್ಶೂರೆನ್ಸ್ ಇಲ್ಲದವರ ಮೇಲಿನ ದಂಡ 2019ರಿಂದ ಸೊನ್ನೆಯಾಗಿತ್ತು. ನಮ್ಮ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಜನ "ಸರ್ಕಾರಕ್ಕೆ ಇದರಲ್ಲೇನು ಕೆಲಸ" ಅನ್ನುವವರು, ಇನ್ನರ್ಧ "ಕೆನಡಾ ನೋಡ್ರಪ್ಪಾ" ಅನ್ನುವವರು. ನಾನು ಮೊದಲನೆಯ ಗುಂಪು. ನಾಳೆ ಸಾಯುವ ಕಾಯ್ದೆಗೆ ಇವತ್ತು ಯಾಕೆ ದುಡ್ಡು ಸುರಿಯಬೇಕು ಅಂತ ಶಾರ್ಟ್-ಟರ್ಮ್ ಪ್ಲಾನ್ ತಗೊಂಡೆ. ಟ್ರಂಪ್ ಸರ್ಕಾರ ಅವುಗಳ ಅವಧಿಯ ಮಿತಿಯನ್ನು 3 ತಿಂಗಳಿನಿಂದ 364 ದಿನಕ್ಕೆ ಏರಿಸಿತ್ತು. ಪ್ರೀಮಿಯಂ ಒಬಾಮಾಕೇರ್ ಪ್ಲಾನಿನ ಅರ್ಧಕ್ಕಿಂತ ಕಡಿಮೆ.

ಈಗ ಸ್ವಲ್ಪ ಗಮನವಿಟ್ಟು ಓದಿ. ಮಾರ್ಕೆಟ್‌ಪ್ಲೇಸ್ ಅಂದರೆ ಒಬಾಮಾಕೇರ್ ಪ್ಲಾನ್ ಕೊಳ್ಳುವ ಸರ್ಕಾರಿ ತಾಣ. ಅಲ್ಲಿ ಪ್ಲಾನ್ ಕೊಡುವವರು ನಿಮ್ಮ ಹಳೆಯ ಕಾಯಿಲೆ ನೋಡಿ ಇಲ್ಲ ಅನ್ನುವಂತಿಲ್ಲ. ಶಾರ್ಟ್-ಟರ್ಮ್ ಪ್ಲಾನಿಗೆ ಆ ನಿಯಮ ಅನ್ವಯಿಸುವುದಿಲ್ಲ. ನನ್ನ ಹೆಂಡತಿಗೆ ಅದಕ್ಕೂ ಮುಂಚೆ ಒಮ್ಮೆ ಹೊಟ್ಟೆನೋವು ಬಂದು ಸ್ಕ್ಯಾನ್ ಮಾಡಿಸಿದ್ದೆವು. ಪಿತ್ತಕೋಶದಲ್ಲಿ ಸಣ್ಣ ಕಲ್ಲು, ಏನೂ ಮಾಡಬೇಕಿಲ್ಲ ಅಂದಿದ್ದರು. ಔಷಧಿಯೂ ಇರಲಿಲ್ಲ. ಅರ್ಜಿಯಲ್ಲಿ "ಕಾಯಿಲೆ ಇದೆಯೇ" ಅಂದಿದ್ದಕ್ಕೆ ಇಲ್ಲ ಅಂತ ಟಿಕ್ ಹಾಕಿದೆ. ಸುಳ್ಳು ಹೇಳಬೇಕು ಅಂತಲ್ಲ, ನೆನಪಿಗೇ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ನೋವು ತಡೆಯಲಾಗದೆ ಎಮರ್ಜೆನ್ಸಿಗೆ ಓಡಿದೆವು, ಆಪರೇಷನ್ ಆಯಿತು. ಇನ್ಶೂರೆನ್ಸ್ ಕಂಪನಿ ಹಳೆಯ ದಾಖಲೆಗಳನ್ನೆಲ್ಲಾ ತರಿಸಿಕೊಂಡು, ಆ ಸ್ಕ್ಯಾನ್ ಹುಡುಕಿ, ಮೊದಲೇ ಇದ್ದ ಕಾಯಿಲೆ ಅಂತ ಕೈ ಎತ್ತಿತು.

ಸರಿ, ಈ ದರಿದ್ರ ಬಿಟ್ಟು ಮಾರ್ಕೆಟ್‌ಪ್ಲೇಸ್‌ಗೆ ಹೋಗೋಣ ಅಂದರೆ, ಆಫೀಸಿನ ಇನ್ಶೂರೆನ್ಸ್ ಹೋದ ಮೇಲೆ ಸೇರಲು ಕೊಡುವ 60 ದಿನ ಯಾವತ್ತೋ ಕಳೆದಿತ್ತು. ಶಾರ್ಟ್-ಟರ್ಮ್ ಪ್ಲಾನ್ ಬಿಟ್ಟರೆ ಹೊಸದಾಗಿ 60 ದಿನ ಸಿಗುವುದಿಲ್ಲ, ಯಾಕೆಂದರೆ ಕಾನೂನಿನ ಲೆಕ್ಕದಲ್ಲಿ ಅದು ಇನ್ಶೂರೆನ್ಸೇ ಅಲ್ಲ! ನವೆಂಬರಿನಲ್ಲಿ ಎಲ್ಲರಿಗೂ ಬಾಗಿಲು ತೆಗೆಯುವವರೆಗೆ ಕಾಯಬೇಕಾಯಿತು. ಊರಲ್ಲಿ ಸೈಟಿಗೆಂದು ಕೂಡಿಟ್ಟಿದ್ದ ದುಡ್ಡು ಆಸ್ಪತ್ರೆಯ ಕಂತಿಗೆ ಹೋಯಿತು.

ನಾನು ನಂಬಿದ್ದ ಆ ತೀರ್ಪು? 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಆ ಕೇಸನ್ನೇ ತಳ್ಳಿಹಾಕಿತು.

ಅದಕ್ಕೇ ಹೇಳ್ತೀನಿ, "ತೀರ್ಮಾನಕ್ಕೆ ಬರುವವರೆಗೆ" ಅನ್ನುವುದನ್ನು ತಲೆಯಿಂದ ತೆಗೆದುಹಾಕಿ. 2010ರಲ್ಲಿ ಒಬ್ಬ ರಿಪಬ್ಲಿಕನ್ನಿನ ವೋಟೂ ಇಲ್ಲದೆ ಪಾಸಾದ ಕಾಯ್ದೆ ಇದು. 2017ರಲ್ಲಿ ಎರಡೂ ಸದನ, ಅಧ್ಯಕ್ಷಗಿರಿ ಎಲ್ಲಾ ಕೈಯಲ್ಲಿದ್ದರೂ ರಿಪಬ್ಲಿಕನ್ನರಿಂದ ಅದನ್ನು ಕಿತ್ತುಹಾಕಲು ಆಗಲಿಲ್ಲ. ಅವರದೇ ಪಕ್ಷದ ಜಾನ್ ಮೆಕೇನ್ ಸೆನೆಟ್‌ನಲ್ಲಿ ಹೆಬ್ಬೆರಳು ಕೆಳಗೆ ಮಾಡಿ ಬೇಡ ಅಂತ ವೋಟ್ ಹಾಕಿದರು. 2025ರಲ್ಲಿ ಮಾರ್ಕೆಟ್‌ಪ್ಲೇಸ್ ಪ್ರೀಮಿಯಂಗೆ ಕೊಡುತ್ತಿದ್ದ ಹೆಚ್ಚುವರಿ ಸಬ್ಸಿಡಿ ಮುಂದುವರಿಸುವ ಜಗಳಕ್ಕೆ ಸರ್ಕಾರ 43 ದಿನ ಬಂದ್ ಆಯಿತು. ಇನ್ನೂ ಇಪ್ಪತ್ತು ವರ್ಷ ಜಗಳ ಆಡ್ತಾರೆ, ಆಡಲಿ.

ಇನ್ನು "ಇನ್ಶೂರೆನ್ಸಿನಲ್ಲಿ ಸರ್ಕಾರ ಇರಬೇಕಾ ಬೇಡವಾ" ಅನ್ನುವುದೂ ಸುಮ್ನೆ. ಇಷ್ಟು ದಿನ ಆಫೀಸಿನವರು ಕಟ್ಟಿದ ಪ್ರೀಮಿಯಂಗೆ ನೀವು ಟ್ಯಾಕ್ಸ್ ಕೊಟ್ಟಿದ್ದೀರಾ? ಇಲ್ಲ. ಅದೂ ಸರ್ಕಾರದ ಸಹಾಯವೇ ಅಲ್ವಾ? ರಿಪಬ್ಲಿಕನ್ನರ ಒಂದು ಮಾತು ಮಾತ್ರ ಒಪ್ತೀನಿ: ಸಬ್ಸಿಡಿ ಸಿಗದವನಿಗೆ ಮಾರ್ಕೆಟ್‌ಪ್ಲೇಸ್ ಪ್ಲಾನ್ ವಿಪರೀತ ದುಬಾರಿ. ಆದರೂ ತಗೊಳ್ಳಿ.

ಅರ್ಜಿಯಲ್ಲಿ ಆದಾಯದ ಅಂದಾಜು ಹುಷಾರಾಗಿ ಬರೆಯಿರಿ. 2026ಕ್ಕೆ ನಾಲ್ಕು ಜನರ ಸಂಸಾರಕ್ಕೆ ಸಬ್ಸಿಡಿಯ ಮಿತಿ 1,28,600 ಡಾಲರ್. ಅದನ್ನು ದಾಟಿದರೆ ವರ್ಷದಲ್ಲಿ ಪಡೆದ ಸಬ್ಸಿಡಿಯನ್ನೆಲ್ಲಾ ಟ್ಯಾಕ್ಸ್ ಕಟ್ಟುವಾಗ ವಾಪಸ್ ಕೊಡಬೇಕು. ಕೋಬ್ರಾ (ಕೆಲಸ ಬಿಟ್ಟ ಮೇಲೂ ಆಫೀಸಿನ ಇನ್ಶೂರೆನ್ಸನ್ನೇ ಮುಂದುವರಿಸುವ ವ್ಯವಸ್ಥೆ) ಕೂಡ ಇದೆ, ಆದರೆ ಕಂಪನಿಯ ಪಾಲೂ ನಿಮ್ಮದೇ ಜೇಬಿನಿಂದ. ರಾಜೀನಾಮೆಯ ದಿನ ನಿಮ್ಮ ಕೈಯಲ್ಲಿದ್ದರೆ ಮೊದಲು ಎಚ್‌ಆರ್‌ನವರನ್ನು ಕೇಳಿ: ಎಷ್ಟೋ ಕಂಪನಿಗಳಲ್ಲಿ ಕೆಲಸ ಬಿಟ್ಟ ತಿಂಗಳ ಕೊನೆಯವರೆಗೂ ಇನ್ಶೂರೆನ್ಸ್ ಇರುತ್ತದೆ. ಹಾಗಿದ್ದರೆ 30ಕ್ಕೆ ಬಿಡುವ ಬದಲು ಮುಂದಿನ ತಿಂಗಳ 2ನೇ ತಾರೀಖು ಬಿಡಿ.