ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಕಾರಿಗೆ ಮುಂದಿನ ಎರಡು ಟೈರ್ ಮಾತ್ರ ಬದಲಿಸಿದರೆ ಸಾಕಾ? ಯಾವ ಬ್ರಾಂಡ್ ಹಾಕಿಸಲಿ?

ಮುಂದಿನ ಎರಡು ಬೋಳಾಗಿವೆ, ಹಿಂದಿನವು ‘ಇನ್ನೊಂದು ವರ್ಷ ಓಡುತ್ತವೆ’. ಮುಂದಕ್ಕೆ ಒಳ್ಳೇ ಗ್ರಿಪ್ ಇರುವ ಟೈರ್ ಬೇಕು, ಮಿಶೆಲಿನ್ನಾ ಯೊಕೊಹಾಮಾನಾ? ಹೇಗೂ ಖರ್ಚು ಮಾಡ್ತಿದ್ದೀನಿ, 16 ಇಂಚಿನ ಚಕ್ರ ಬಿಟ್ಟು 17 ಇಂಚಿಗೆ ಹೋಗಿಬಿಡಲಾ? ಇದು ನಿಮ್ಮ ಪ್ರಶ್ನೆ. ಸ್ವಾಮಿ, ನಿಮ್ಮದು 1.0 ಲೀಟರಿನ ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್, ನನ್ನದು ಅದಕ್ಕಿಂತ ಹಳೇ 1.2. ಅಷ್ಟು ಬಿಟ್ಟರೆ ಕಾರೂ ಅದೇ, ಲೆಕ್ಕಾಚಾರವೂ ಅದೇ. ನಾನು ಎರಡೇ ಹಾಕಿಸಿದೆ, ಅದೂ ಮುಂದಕ್ಕೆ.

ಅಂಗಡಿಯ ಹುಡುಗ ಕಾರನ್ನು ಜ್ಯಾಕ್ ಮೇಲೆ ಎತ್ತುತ್ತಾ ‘ಹೊಸಾದು ಹಿಂದಕ್ಕೆ ಹಾಕ್ಲಾ ಸಾರ್? ಹಿಂದಿಂದು ಮುಂದಕ್ಕೆ ತರ್ತೀನಿ’ ಅಂದ. ನನಗೆ ನಗು ಬಂತು. ಎಂಜಿನ್ ಮುಂದೆ, ಸ್ಟೀರಿಂಗ್ ಮುಂದೆ, ಬ್ರೇಕ್ ಒತ್ತಿದರೆ ಭಾರವೆಲ್ಲ ಬೀಳೋದು ಮುಂದೆ. ಹಿಂದಿನ ಚಕ್ರಗಳು ಸುಮ್ನೆ ಉರುಳಿಕೊಂಡು ಬರೋದು ತಾನೇ? ಅವನಿಗೆ ನಿಂತಲ್ಲೇ ಫ್ರಂಟ್ ವೀಲ್ ಡ್ರೈವ್ (ಮುಂದಿನ ಚಕ್ರಗಳೇ ಕಾರನ್ನು ಎಳೆಯೋದು) ಪಾಠ ಮಾಡಿದೆ. ‘ನಿಮ್ಮಿಷ್ಟ ಸಾರ್’ ಅಂದು ಹಾಕಿಕೊಟ್ಟ. ಬೆಂಗಳೂರಲ್ಲಿ ಕಾರು ಬೆಣ್ಣೆ ತರ ಓಡಿತು. ಸಿಗ್ನಲ್‌ನಲ್ಲಿ ಎಕ್ಸಲರೇಟರ್ ಒತ್ತಿದರೆ ಮೊದಲಿನ ಹಾಗೆ ಚಕ್ರ ಕಿರುಚುತ್ತಿರಲಿಲ್ಲ. ಸ್ಟೀರಿಂಗ್ ಹೇಳಿದ ಮಾತು ಕೇಳುತ್ತಿತ್ತು. ಅಂಗಡಿ ಹುಡುಗನಿಗೆ ಏನೂ ಗೊತ್ತಿಲ್ಲ ಅಂತ ಗೆಳೆಯರ ಹತ್ತಿರ ಹೇಳಿಕೊಂಡೂ ಆಯಿತು.

ಆಮೇಲೆ ಜುಲೈ ಮಳೆಯಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಲು ಶುರು ಮಾಡಿದೆ. ವೇಗ ಹೆಚ್ಚೇನೂ ಇರಲಿಲ್ಲ, ನಲವತ್ತರ ಆಸುಪಾಸು. ಒಂದು ಬಲ ತಿರುವಿನಲ್ಲಿ ಗುಡ್ಡದ ನೀರು ಮೋರಿ ತುಂಬಿ ರಸ್ತೆ ಮೇಲೇ ಹರಿಯುತ್ತಿತ್ತು. ಮುಂದಿನ ಚಕ್ರಗಳು ಆ ನೀರನ್ನು ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಯಾಕೋ ಸ್ವಲ್ಪ ಜಾಸ್ತಿ ಬಂದೆ ಅನ್ನಿಸಿ ಎಕ್ಸಲರೇಟರ್‌ನಿಂದ ಕಾಲು ತೆಗೆದೆ. ಅಷ್ಟೇ. ಕಾರಿನ ಹಿಂಭಾಗ ಯಾರೋ ಪಕ್ಕಕ್ಕೆ ತಳ್ಳಿದ ಹಾಗೆ ಎಡಕ್ಕೆ ಸರಿಯಿತು. ಡ್ಯಾಶ್‌ಬೋರ್ಡಿನಲ್ಲಿ, ಕಾರು ಜಾರದ ಹಾಗೆ ನೋಡಿಕೊಳ್ಳೋ ಇಎಸ್‌ಪಿಯ ದೀಪ ಪಟಪಟ ಮಿನುಗಿತು. ಹಿಂದಿನ ಎಡ ಚಕ್ರ ರಸ್ತೆ ಅಂಚಿನ ಕಲ್ಲಿಗೆ ಧಡ್ ಅಂತ ಹೊಡೆದು ಕಾರು ಅಡ್ಡಡ್ಡ ನಿಂತಿತು. ಹಿಂದಿನ ಸೀಟಿನಲ್ಲಿದ್ದ ನಮ್ಮ ಅತ್ತೆ ‘ಮಂಜುನಾಥಾ’ ಅಂದಿದ್ದು ಬಿಟ್ಟರೆ ಯಾರೂ ಮಾತಾಡಲಿಲ್ಲ. ಆ ಕ್ಷಣಕ್ಕೆ ಎದುರಿಂದ ಗಾಡಿ ಬರಲಿಲ್ಲ, ನಮ್ಮ ಪುಣ್ಯ.

ಚಕ್ರದ ಅಲಾಯ್ ರಿಮ್ ಬಿರುಕು ಬಿಟ್ಟಿತ್ತು. ಅದು ಹೋಗಲಿ ಅನ್ನಬಹುದು. ಹಿಂದಿನ ಆಕ್ಸಲ್ ಬೀಮ್ ಬಾಗಿತ್ತು. ಪೋಲೋದಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಹಿಡಿದಿರೋದು ಒಂದೇ ಬೀಮ್. ಅದು ಬಾಗಿದರೆ ಅಲೈನ್‌ಮೆಂಟ್ ಯಂತ್ರದ ಮೇಲೆ ನಿಲ್ಲಿಸಿ ಸರಿ ಮಾಡುವ ಹಾಗಿಲ್ಲ, ಇಡೀ ಬೀಮನ್ನೇ ಬದಲಿಸಬೇಕು. ನಾಲ್ಕು ಟೈರಿಗೆ ಆಗುತ್ತಿದ್ದ ದುಡ್ಡಿಗಿಂತ ಜಾಸ್ತಿ ಅಲ್ಲೇ ಕೈ ಬಿಟ್ಟಿತು. ಟೋಯಿಂಗ್ ಖರ್ಚು ಬೇರೆ.

ಯಾಕೆ ಹೀಗಾಯಿತು ಅನ್ನೋದನ್ನ ಸ್ವಲ್ಪ ಉದ್ದವಾಗೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಹೊಸ ಟೈರಿನ ಮೇಲಿನ ಕಾಲುವೆಗಳ ಆಳ ಏಳೆಂಟು ಮಿಲಿಮೀಟರ್ ಇರುತ್ತದೆ. ನೀರು ಹೊರಗೆ ಹೋಗೋದು ಆ ಕಾಲುವೆಯಿಂದಲೇ. ನನ್ನ ಹಿಂದಿನ ಟೈರುಗಳಲ್ಲಿ ಅದು ಮೂರಕ್ಕೆ ಇಳಿದಿತ್ತು. ಸವೆತದ ಗುರುತು ಇರೋದು 1.6 ಮಿಲಿಮೀಟರ್‌ನಲ್ಲಿ, ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಅವು ಸರಿಯಾಗೇ ಇದ್ದವು. ಆದರೆ ಮುಂದಿನವು ನೀರನ್ನು ಕತ್ತರಿಸಿಕೊಂಡು ರಸ್ತೆ ಮುಟ್ಟಿದವು, ಹಿಂದಿನವು ನೀರಿನ ಮೇಲೆ ಹಿಡಿತ ಕಳೆದುಕೊಂಡವು. ಒಣ ರಸ್ತೆಯಲ್ಲಿ ಈ ವ್ಯತ್ಯಾಸ ಗೊತ್ತಾಗೋದೇ ಇಲ್ಲ.

ಮುಂದಿನ ಚಕ್ರ ಮೊದಲು ಜಾರಿದರೆ ಸ್ಟೀರಿಂಗ್ ಹಗುರಾಗುತ್ತದೆ, ನಮಗೆ ಸುಳಿವು ಸಿಗುತ್ತದೆ. ಕಾಲು ತೆಗೆದರೆ ಭಾರ ಮುಂದಕ್ಕೆ ಬರುತ್ತದೆ, ಟೈರ್ ಮತ್ತೆ ಹಿಡಿಯುತ್ತದೆ. ಯಾರು ಬೇಕಾದರೂ ಸಂಭಾಳಿಸಬಹುದು. ಹಿಂದಿನ ಚಕ್ರ ಮೊದಲು ಜಾರಿದರೆ ಎಲ್ಲ ಉಲ್ಟಾ. ಹೆದರಿ ಕಾಲು ತೆಗೆದರೆ ಹಿಂದಿನ ಭಾರ ಇನ್ನೂ ಕಮ್ಮಿಯಾಗುತ್ತದೆ, ಕಾರು ಇನ್ನೂ ತಿರುಗುತ್ತದೆ. ಆಗ ಸ್ಟೀರಿಂಗನ್ನು ಜಾರಿದ ಕಡೆಗೇ ಚಕ್ಕನೆ ತಿರುಗಿಸಬೇಕು. ಯೂಟ್ಯೂಬಲ್ಲಿ ನೋಡಲು ಚೆಂದ. ಘಾಟಿಯಲ್ಲಿ ಅದಕ್ಕೆ ಜಾಗವೂ ಇಲ್ಲ, ಟೈಮೂ ಇಲ್ಲ. ‘ಇಎಸ್‌ಪಿ ಇದೆಯಲ್ಲಾ’ ಅನ್ನಬೇಡಿ. ಅದು ಮಾಡೋದು ಒಂದೊಂದು ಚಕ್ರಕ್ಕೆ ಬೇಕಾದಷ್ಟು ಬ್ರೇಕ್ ಹಾಕೋ ಕೆಲಸ. ಟೈರಿಗೇ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತಂದುಕೊಡುತ್ತೆ?

ಡ್ರೈವ್ ಮುಂದಿರಲಿ ಹಿಂದಿರಲಿ, ಎರಡೇ ಹೊಸ ಟೈರ್ ಅಂದರೆ ಅವು ಹಿಂದಕ್ಕೇ ಹೋಗಬೇಕು. ಮಿಶೆಲಿನ್ ಕಂಪನಿಯವರೇ ಹೀಗೆ ಹೇಳುತ್ತಾರೆ. ಅಂಗಡಿ ಹುಡುಗನೂ ಅದನ್ನೇ ಹೇಳಿದ್ದ.

ಆದರೆ ನೀವು ಎರಡೇ ಹಾಕಿಸಬೇಡಿ, ನಾಲ್ಕೂ ಹಾಕಿಸಿ ಅನ್ನೋದು ನನ್ನ ಅಭಿಪ್ರಾಯ. ಹಿಂದಿನ ಟೈರಿನ ಪಕ್ಕದ ಗೋಡೆಯ ಮೇಲೆ ಡಾಟ್ (DOT) ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3521 ಅಂದರೆ 2021ರ 35ನೇ ವಾರ ತಯಾರಾಗಿದ್ದು. ಹೊರಗಿನ ಕಡೆ ಕಾಣದಿದ್ದರೆ ಒಳಗಿನ ಕಡೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಭಾರತದಲ್ಲಿ ಪೋಲೋ ತಯಾರಿಕೆ 2022ರಲ್ಲೇ ನಿಂತಿತು. ನಿಮ್ಮವು ಕಾರಿನ ಜೊತೆ ಬಂದ ಟೈರ್‌ಗಳೇ ಆದರೆ ಅವು ಆಗಿನವು, ಇಲ್ಲಾ ಅದಕ್ಕೂ ಹಳೆಯವು. ಕಾಲುವೆ ಎಷ್ಟೇ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಉಗುರು ಒತ್ತಿ ನೋಡಿ, ಹೊಸ ಟೈರಿಗೂ ಒತ್ತಿ ನೋಡಿ, ಗೊತ್ತಾಗುತ್ತೆ.

ಇನ್ನು ಮಿಶೆಲಿನ್ನಾ ಯೊಕೊಹಾಮಾನಾ ಅನ್ನೋ ಪ್ರಶ್ನೆಯೇ ಸರಿ ಇಲ್ಲ. ಒಂದೇ ಕಂಪನಿಯಲ್ಲಿ ಮೈಲೇಜಿಗೆ ಮಾಡಿದ ಗಟ್ಟಿ ಟೈರೂ ಇರುತ್ತೆ, ಗ್ರಿಪ್ಪಿಗೆ ಮಾಡಿದ್ದೂ ಇರುತ್ತೆ. ಮಾಡೆಲ್ ಕೇಳಿ. ಮಿಶೆಲಿನ್‌ನಲ್ಲಾದರೆ ಪ್ರೈಮಸಿ 4 ಎಸ್‌ಟಿ, ಯೊಕೊಹಾಮಾದಲ್ಲಾದರೆ ಬ್ಲೂಅರ್ಥ್ ಜಿಟಿ. ಎರಡರಲ್ಲಿ ಯಾವುದರ ಹೊಸ ಸ್ಟಾಕ್ ಸಿಗುತ್ತೋ ಅದನ್ನು ತಗೊಳ್ಳಿ. ನಾನು ಈಗ ಪ್ರೈಮಸಿ ಹಾಕಿಸಿದ್ದೇನೆ. ಸಿಲ್ಕ್ ಬೋರ್ಡ್ ಜಾಮಲ್ಲಿ ನಿಲ್ಲೋ ಕಾರಿಗೆ ರೇಸ್ ಟ್ರ್ಯಾಕಿನ ಒಣ ಗ್ರಿಪ್ ಯಾಕೆ? ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲುವ ಟೈರ್ ಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಆಗಿನಿಂದ ಹೊರದೇಶದ ಮಾಡೆಲ್ ಹುಡುಕೋದು ಕಷ್ಟ. ಯಾರಾದರೂ ‘ಇಂಪೋರ್ಟೆಡ್ ಪೀಸ್ ಸಾರ್, ಕೊನೇ ಸೆಟ್’ ಅಂದರೆ ಬಾಯಿ ಬಿಡೋ ಮೊದಲು ಆ ನಾಲ್ಕು ಅಂಕಿ ನೋಡಿ. 195/55 ಆರ್16 ಸೈಜಿನಲ್ಲಿ (ಅಗಲ 195 ಮಿಲಿಮೀಟರ್, ಪಕ್ಕದ ಗೋಡೆ ಅದರ ನೂರಕ್ಕೆ 55 ಭಾಗ, ರಿಮ್ 16 ಇಂಚು) 87 ವಿ ಇರಲಿ. 87 ಅಂದರೆ ಒಂದು ಟೈರ್ 545 ಕೆಜಿ ಹೊರುತ್ತದೆ, ವಿ ಅಂದರೆ ಗಂಟೆಗೆ 240 ಕಿ.ಮೀ. ತನಕ ತಡೆಯುತ್ತದೆ. ಅದಕ್ಕಿಂತ ಕಮ್ಮಿಯದನ್ನು ಕಮ್ಮಿ ರೇಟಿಗೆ ಕೊಟ್ಟರೂ ಬೇಡ ಅನ್ನಿ.

17 ಇಂಚು? ಮೂಗಿಗಿಂತ ಮೂಗುತಿ ಭಾರ. 205/45 ಆರ್17 ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚು ಕಮ್ಮಿ ಅಷ್ಟೇ ಇರುತ್ತದೆ, ಆದರೆ ಟೈರಿನ ಪಕ್ಕದ ಗೋಡೆ 107 ಮಿಲಿಮೀಟರ್‌ನಿಂದ 92ಕ್ಕೆ ಇಳಿಯುತ್ತದೆ. ಗುಂಡಿಯ ಏಟು ತಡೆಯೋದು ಆ ಗೋಡೆಯೇ. ನಮ್ಮ ರಸ್ತೆಗಳ ಬಗ್ಗೆ ನಾನು ಹೇಳಬೇಕಾಗಿಲ್ಲ ಅಲ್ವಾ. ಆ ಅಲಾಯ್ ದುಡ್ಡಿನಲ್ಲಿ ಇನ್ನೆರಡು ಟೈರ್ ಬರುತ್ತದೆ, ನಾಲ್ಕೂ ಹಾಕಿಸಿ.

ಹಾಕಿಸುವಾಗ ವಾಲ್ವ್ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ. ನೈಟ್ರೋಜನ್‌ಗೆ ದುಡ್ಡು ಕೊಡಬೇಡಿ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ. ಪ್ರೆಶರ್ ಎಷ್ಟು ಅನ್ನೋದು ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರಿನಲ್ಲಿದೆ. ಅಂಗಡಿಯವನು 35 ಪಿಎಸ್‌ಐ ಹಾಕಿ ಕಳಿಸಿದರೆ ಮನೆಗೆ ಬಂದು ಬೆಳಗ್ಗೆ ಟೈರ್ ತಣ್ಣಗಿದ್ದಾಗ ಸರಿ ಮಾಡಿಕೊಳ್ಳಿ. ಮತ್ತೆ ಹೊಸ ಟೈರಿನ ಮೈ ಮೊದಲ ಇನ್ನೂರು ಮುನ್ನೂರು ಕಿ.ಮೀ. ಸ್ವಲ್ಪ ಜಾರುತ್ತದೆ. ಹಾಗಾಗಿ ಹಾಕಿಸಿದ ವಾರವೇ ಸಕಲೇಶಪುರ ಪ್ಲಾನ್ ಬೇಡ. ಮೊದಲು ಮೈಸೂರಿಗೆ ಹೋಗಿ ಬನ್ನಿ.